ತಿಂಗಳ ಕಂತೋ, ವರ್ಷದ ಗಂಟೋ: ಆರೋಗ್ಯ ವಿಮೆ ನಡುವೆ ತುಂಡಾಗದಂತೆ ಪ್ರೀಮಿಯಂ ಕಟ್ಟುವ ದಾರಿಗಳು

ಆರೋಗ್ಯ ವಿಮೆಯ ಜಾಹೀರಾತುಗಳಲ್ಲಿ ತಿಂಗಳ ಮೊತ್ತವನ್ನೇ ದಪ್ಪಕ್ಷರದಲ್ಲಿ ಹಾಕುತ್ತಾರೆ. ಕೊಳ್ಳುವವರು ತಿಂಗಳ ಪಾಲಿಸಿ ಕೊಂಡೆವೆಂದುಕೊಳ್ಳುತ್ತಾರೆ. ಕರಾರು ಮಾತ್ರ ಪೂರ್ತಿ ವರ್ಷದ್ದು, ಬೆಲೆಯನ್ನಷ್ಟೇ ಹನ್ನೆರಡು ತುಂಡು ಮಾಡಿರುತ್ತಾರೆ. ವರ್ಷಕ್ಕೊಮ್ಮೆ ಕಟ್ಟುವವರು ಎಡವಲು ಒಂದೇ ದಿನವಿದ್ದರೆ ತಿಂಗಳಿಗೊಮ್ಮೆ ಕಟ್ಟುವವರಿಗೆ ಹನ್ನೆರಡು ದಿನಗಳಿವೆ. ಹಾಗಾಗಿ ಎಷ್ಟು ಸಲ ಕಟ್ಟಬೇಕು, ಯಾವ ದಾರಿಯಲ್ಲಿ ಕಟ್ಟಬೇಕು ಎಂಬ ಎರಡು ತೀರ್ಮಾನಗಳನ್ನು ಪಾಲಿಸಿ ಆರಿಸುವಷ್ಟೇ ಎಚ್ಚರದಿಂದ ಮಾಡಬೇಕು.

ಲ್ಯಾಪ್ಸ್ ಆದರೆ ಏನು ಹೋಗುತ್ತದೆ

ಮೊದಲು ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಹಣ ಕಟ್ಟದೆ ಪಾಲಿಸಿ ನಿಂತರೆ, ಅಂದರೆ ಲ್ಯಾಪ್ಸ್ ಆದರೆ, ಇನ್ನೊಂದು ಕೊಂಡರಾಯಿತು ಎನ್ನುವವರು ಬಹಳ. ಹೊಸ ಪಾಲಿಸಿ ಸಿಗಬಹುದು, ಹಳೆಯದರಲ್ಲಿ ಕಳೆದ ಕಾಲ ಮಾತ್ರ ಸಿಗುವುದಿಲ್ಲ. ಆರೋಗ್ಯ ವಿಮೆಯಲ್ಲಿ ನೀವು ಸಂಪಾದಿಸುವ ನಿಜವಾದ ಆಸ್ತಿ ಆ ಕಾಲವೇ.

ಹೊಸ ಪಾಲಿಸಿಯ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ರಕ್ಷಣೆ ಇರುವುದಿಲ್ಲ. ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್‌ನಂಥವಕ್ಕೆ ಕಾಯುವ ಅವಧಿ ಗರಿಷ್ಠ 36 ತಿಂಗಳು. 2024ಕ್ಕಿಂತ ಮುಂಚೆ ಅದು 48 ತಿಂಗಳವರೆಗೂ ಇರುತ್ತಿತ್ತು. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಯಂಥ ಹೆಸರಿಸಿದ ಚಿಕಿತ್ಸೆಗಳಿಗೆ ಪ್ರತ್ಯೇಕ ಕಾಯುವ ಅವಧಿ ಇದೆ. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದರೆ ಹೊರತು, ಮಾಹಿತಿ ಮುಚ್ಚಿಟ್ಟಿರಿ ಎಂಬ ಕಾರಣಕ್ಕೆ ಕಂಪನಿ ಕ್ಲೇಮು ತಳ್ಳಿಹಾಕುವಂತಿಲ್ಲ. ಪಾಲಿಸಿ ಬಿದ್ದುಹೋದರೆ ಈ ಎಲ್ಲ ಎಣಿಕೆಗಳೂ ಸೊನ್ನೆಯಿಂದ ಶುರು. ಕ್ಲೇಮು ಮಾಡದ ವರ್ಷಗಳಿಗಾಗಿ ಕೂಡಿದ್ದ ಬೋನಸ್ಸೂ ಕೈಬಿಡುತ್ತದೆ.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು, ಆದರೆ ಯಾರೂ ಎಣಿಸುವುದಿಲ್ಲ. ಸಮಯಕ್ಕೆ ನವೀಕರಿಸುವವರಿಗೆ, ಹಿಂದೆ ಕ್ಲೇಮು ಮಾಡಿದ್ದೀರಿ ಎಂಬ ನೆಪ ಹೇಳಿ ನವೀಕರಣ ನಿರಾಕರಿಸುವ ಹಾಗಿಲ್ಲ. ಲ್ಯಾಪ್ಸ್ ಆದವರು ಹೊಸ ಗಿರಾಕಿಗಳಾಗಿಬಿಡುತ್ತಾರೆ. ಐದು ವರ್ಷದ ಹಿಂದೆ ಆರೋಗ್ಯವಾಗಿದ್ದಾಗ ಪಾಲಿಸಿ ಮಾಡಿಸಿ ಈಗ ಸ್ಟೆಂಟ್ ಹಾಕಿಸಿಕೊಂಡಿರುವವರಿಗೆ ಹೊಸ ಕಂಪನಿ ಪ್ರೀಮಿಯಂ ಏರಿಸಬಹುದು, ಬೇಡವೆಂದೂ ಹೇಳಬಹುದು.

ಗ್ರೇಸ್ ಅವಧಿ: 15 ಮತ್ತು 30ರ ನಡುವಿನ ವ್ಯತ್ಯಾಸ

ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರ ಮೇ 29ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ ತಿಂಗಳ ಕಂತಿಗೆ ಗ್ರೇಸ್ ಅವಧಿ, ಅಂದರೆ ಕಂತಿನ ದಿನ ದಾಟಿದ ಮೇಲೂ ಹಣ ಕಟ್ಟಲು ಸಿಗುವ ಕಾಲ, 15 ದಿನ. ತ್ರೈಮಾಸಿಕ, ಅರ್ಧವಾರ್ಷಿಕ, ವಾರ್ಷಿಕ ಪಾವತಿಗೆ 30 ದಿನ. ಈ ಅವಧಿಯೊಳಗೆ ಹಣ ಸಂದರೆ ಕಾಯುವ ಅವಧಿಯ ಲೆಕ್ಕ, ಬೋನಸ್, 60 ತಿಂಗಳ ಎಣಿಕೆ ಎಲ್ಲವೂ ಉಳಿಯುತ್ತವೆ.

ಎಣಿಕೆ ಉಳಿಯುವುದು ಒಂದು ವಿಷಯ, ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಕ್ಲೇಮು ಸಿಗುವುದು ಇನ್ನೊಂದು. ಪಾಲಿಸಿ ವರ್ಷದ ನಡುವಿನ ಕಂತು ತಡವಾದರೆ ಗ್ರೇಸ್ ದಿನಗಳಲ್ಲೂ ರಕ್ಷಣೆ ಇರಬೇಕು ಎನ್ನುತ್ತದೆ 2024ರ ಸುತ್ತೋಲೆ. ಅದಕ್ಕೆ ಮುಂಚಿನ ಪಾಲಿಸಿ ಪತ್ರಗಳಲ್ಲಿ ಕಂತಿನ ದಿನದಿಂದ ಹಣ ತಲುಪುವ ದಿನದವರೆಗೆ ರಕ್ಷಣೆ ಇಲ್ಲ ಎಂಬ ಸಾಲು ಇರುತ್ತಿತ್ತು. ನಿಮ್ಮ ಕೈಯಲ್ಲಿರುವುದು ಹಳೆಯ ಪ್ರತಿಯಾದರೆ ಈಗಿನ ಷರತ್ತುಗಳ ಪ್ರತಿಯನ್ನು ಕೇಳಿ ತರಿಸಿಕೊಳ್ಳಿ.

ವರ್ಷಕ್ಕೊಮ್ಮೆ ಕಟ್ಟುವವರ ಸ್ಥಿತಿ ಬೇರೆ. ಪಾಲಿಸಿ ಮುಗಿದ ದಿನದಿಂದ ನವೀಕರಣದ ಹಣ ಸಲ್ಲುವವರೆಗಿನ ದಿನಗಳಿಗೆ ರಕ್ಷಣೆ ಇಲ್ಲ. 22ನೇ ದಿನ ಕಟ್ಟಿದರೆ ಹಳೆಯ ಎಣಿಕೆ ಉಳಿಯುತ್ತದೆ, ಆದರೆ 10ನೇ ದಿನ ಅಪಘಾತವಾಗಿದ್ದರೆ ಖರ್ಚು ನಿಮ್ಮದೇ. ಪ್ರೀಮಿಯಂ ಮುಂಗಡವಾಗಿ ಕೈಸೇರದೆ ವಿಮಾ ಕಂಪನಿ ಅಪಾಯ ಹೊರುವಂತಿಲ್ಲ ಎಂಬುದು 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಮೂಲ ನಿಯಮ. ತಿಂಗಳ ಕಂತಿನವರೂ ಇಲ್ಲಿ ಎಚ್ಚರವಾಗಿರಬೇಕು: ಹೊಸ ಪಾಲಿಸಿ ವರ್ಷದ ಮೊದಲ ಕಂತು ನಡುವಿನ ಕಂತಿನಂಥದಲ್ಲ, ಅದೇ ನವೀಕರಣ. ಉಳಿದ ಹನ್ನೊಂದು ತಿಂಗಳಲ್ಲಿ ಸಿಗುವ ಗ್ರೇಸ್ ರಕ್ಷಣೆಯನ್ನು ಅಂದು ನಂಬಿ ಕೂರಬೇಡಿ.

ಒಂದು ಸಣ್ಣ ಸಲಹೆ. 15 ದಿನವನ್ನು ಕಂತಿನ ದಿನ ಸೇರಿಸಿ ಎಣಿಸಬೇಕೋ ಬಿಟ್ಟು ಎಣಿಸಬೇಕೋ ಎಂಬ ವಾದ ಆಸ್ಪತ್ರೆಯ ಕೌಂಟರಿನಲ್ಲಿ ಬೇಡ. ಕಂತು 5ನೇ ತಾರೀಖಿಗಿದ್ದರೆ 15ನೇ ತಾರೀಖೇ ಕೊನೆ ಎಂದು ನೀವೇ ಗೆರೆ ಎಳೆದುಕೊಳ್ಳಿ. ಬ್ಯಾಂಕ್ ರಜೆ, ಸರ್ವರ್ ತೊಂದರೆ, ವಾಪಸಾದ ಪಾವತಿ ಎಲ್ಲಕ್ಕೂ ಉಳಿದ ದಿನಗಳು ಬೇಕಾಗುತ್ತವೆ.

ಯಾವ ಅವಧಿಗೆ ಕಟ್ಟುವುದು

ಉದಾಹರಣೆಗೆ ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 24,000 ರೂಪಾಯಿ, ತಿಂಗಳಿಗಾದರೆ 2,100 ಎಂದಿಟ್ಟುಕೊಳ್ಳಿ. ಹನ್ನೆರಡು ಕಂತಿಗೆ 25,200. ಹೆಚ್ಚಿಗೆ ಹೋಗುವುದು 1,200, ಅಂದರೆ ಶೇ 5. ಇಷ್ಟೇ ತಾನೇ ಅನ್ನಿಸುತ್ತದೆ. ಆದರೆ ಮೊದಲ ಕಂತನ್ನು ಮೊದಲ ದಿನವೇ ಕಟ್ಟಿರುತ್ತೀರಿ, ಬಾಕಿ 21,900 ರೂಪಾಯಿ ತಿಂಗಳು ತಿಂಗಳು ಕರಗುತ್ತ ಹೋಗುತ್ತದೆ. ಹೀಗೆ ಇಳಿಯುವ ಬಾಕಿಗೆ 1,200 ಕೊಡುವುದೆಂದರೆ ವರ್ಷಕ್ಕೆ ಸುಮಾರು ಶೇ 11ರ ಬಡ್ಡಿ. ನಿಮ್ಮ ಕಂಪನಿಯ ಎರಡೂ ಮೊತ್ತ ಕೇಳಿ ಇದೇ ಲೆಕ್ಕ ಹಾಕಿ. ಕೆಲವು ಕಂಪನಿಗಳಲ್ಲಿ ವ್ಯತ್ಯಾಸ ಕಡಿಮೆ, ಕೆಲವು ಕಡೆ ಹೆಚ್ಚು. ವೈಯಕ್ತಿಕ ಮತ್ತು ಕುಟುಂಬ ಫ್ಲೋಟರ್ (ಇಡೀ ಮನೆಗೆ ಒಂದೇ ವಿಮಾ ಮೊತ್ತದ) ಆರೋಗ್ಯ ಪಾಲಿಸಿಗಳ ಮೇಲಿನ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಹಳೆಯ ರಸೀದಿಯ ಜೊತೆ ಹೋಲಿಸುವಾಗ ತೆರಿಗೆ ತೆಗೆದು ಹೋಲಿಸಿ.

ತಿಂಗಳ ಕಂತಿನ ಇನ್ನೊಂದು ಮಗ್ಗುಲು ಕ್ಲೇಮಿನ ಹೊತ್ತಿಗೆ ಕಾಣುತ್ತದೆ. ಕ್ಲೇಮು ಬಂದ ಕೂಡಲೇ ಆ ವರ್ಷದ ಉಳಿದೆಲ್ಲ ಕಂತುಗಳೂ ಒಟ್ಟಿಗೆ ಬಾಕಿಯಾಗುತ್ತವೆ, ಕಂಪನಿ ಅದನ್ನು ಕ್ಲೇಮಿನ ಹಣದಲ್ಲೇ ಮುರಿದುಕೊಳ್ಳಬಹುದು ಎಂಬ ಷರತ್ತು ಕಂತಿನ ಪಾಲಿಸಿಗಳಲ್ಲಿ ಸಾಮಾನ್ಯ. ಏಪ್ರಿಲ್ 10ಕ್ಕೆ ಶುರುವಾದ ಪಾಲಿಸಿ, ಆಗಸ್ಟ್ 20ಕ್ಕೆ ಶಸ್ತ್ರಚಿಕಿತ್ಸೆ ಎನ್ನಿ. ಐದು ಕಂತು ಸಂದಿವೆ, ಏಳು ಬಾಕಿ. 2,100ರಂತೆ 14,700 ರೂಪಾಯಿ. 1,50,000ದ ಕ್ಲೇಮು ಪೂರ್ತಿ ಮಂಜೂರಾದರೂ ಕೈಗೆ ಬರುವುದು 1,35,300. ಕ್ಯಾಶ್‌ಲೆಸ್ (ಕಂಪನಿಯೇ ಆಸ್ಪತ್ರೆಗೆ ನೇರ ಕೊಡುವುದು) ಆದರೆ ಅಷ್ಟನ್ನು ಡಿಸ್ಚಾರ್ಜ್ ಹೊತ್ತಿಗೆ ನೀವೇ ಹೊಂದಿಸಬೇಕಾಗಬಹುದು. ಇದು ಅನ್ಯಾಯವೇನಲ್ಲ, ವರ್ಷದ ಬೆಲೆ ಅದು. ಆದರೆ ಮೊದಲೇ ಗೊತ್ತಿಲ್ಲದಿದ್ದರೆ ಬಿಲ್ಲಿಂಗ್ ಕೌಂಟರಿನ ಮುಂದೆ ಕಂಗಾಲಾಗುವ ಸಂದರ್ಭ ಖಂಡಿತ ಬರುತ್ತದೆ.

ಎರಡು ಅಥವಾ ಮೂರು ವರ್ಷದ್ದನ್ನು ಒಟ್ಟಿಗೆ ಕಟ್ಟುವ ಪಾಲಿಸಿಗಳಿಗೆ ಸಾಮಾನ್ಯವಾಗಿ ರಿಯಾಯಿತಿ ಇರುತ್ತದೆ, ಆ ಅವಧಿಯಲ್ಲಿ ಬೆಲೆ ಏರಿಕೆಯ ಬಿಸಿಯೂ ತಟ್ಟುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಆರೋಗ್ಯ ವಿಮೆ ಪ್ರೀಮಿಯಂಗೆ ಸಿಗುವ ಆದಾಯ ತೆರಿಗೆ ವಿನಾಯಿತಿ (1961ರ ಕಾಯ್ದೆಯ 80ಡಿ ಕಲಮು) ಬಳಸುವವರು ಒಂದು ವಿಷಯ ನೆನಪಿಡಿ: ಒಟ್ಟಿಗೆ ಕಟ್ಟಿದ ಹಣವನ್ನು ಪಾಲಿಸಿಯ ವರ್ಷಗಳಿಗೆ ಸಮನಾಗಿ ಹಂಚಿ ತೋರಿಸಬೇಕು. ಪ್ರೀಮಿಯಂ ನಗದಿನಲ್ಲಿ ಕಟ್ಟಿದರೆ ಈ ವಿನಾಯಿತಿ ಇಲ್ಲವೇ ಇಲ್ಲ. ಮೂರು ವರ್ಷದ ಪಾಲಿಸಿಯ ಅಪಾಯವೆಂದರೆ ಮರೆವು. ಅಷ್ಟರಲ್ಲಿ ಮೊಬೈಲ್ ನಂಬರ್ ಬದಲಾಗಿರುತ್ತದೆ, ಇ-ಮೇಲ್ ಯಾವುದು ಕೊಟ್ಟಿದ್ದೆವೆಂದು ನೆನಪಿರುವುದಿಲ್ಲ, ನವೀಕರಣದ ಸೂಚನೆ ಯಾರಿಗೂ ತಲುಪದ ವಿಳಾಸಕ್ಕೆ ಹೋಗುತ್ತದೆ.

ಆದಾಯ ಸ್ಥಿರವಾಗಿರುವವರು ವರ್ಷದ್ದನ್ನೇ ಆರಿಸಲಿ. ಅಡಿಕೆ, ಕಾಫಿ, ಕಬ್ಬಿನ ಹಣ ವರ್ಷಕ್ಕೊಂದು ಹೊತ್ತಿಗೆ ಬರುವವರಿಗೂ ಅದೇ ಸರಿ. ಹಣ ಕೈಗೆ ಬರುವ ತಿಂಗಳಲ್ಲೇ ಪಾಲಿಸಿ ಶುರು ಮಾಡಿಸಿದರೆ ನವೀಕರಣವೂ ಪ್ರತಿ ವರ್ಷ ಆ ಹೊತ್ತಿಗೇ ಬರುತ್ತದೆ. ಅಷ್ಟು ದೊಡ್ಡ ಮೊತ್ತ ಹೊಂದದಿದ್ದರೆ ಅರ್ಧವಾರ್ಷಿಕ ಅಥವಾ ತ್ರೈಮಾಸಿಕ ಕಂತು ನೋಡಿ. ತಿಂಗಳ ಕಂತಿಗಿಂತ ಗ್ರೇಸ್ ದಿನ ಎರಡು ಪಟ್ಟು, ಎಡವುವ ದಿನಗಳು ನಾಲ್ಕೋ ಎರಡೋ. ತಿಂಗಳ ಕಂತು ಬೇರೆ ದಾರಿಯೇ ಇಲ್ಲದವರಿಗೆ. ವಿಮೆಯೇ ಇಲ್ಲದಿರುವುದಕ್ಕಿಂತ ಅದು ನೂರು ಪಾಲು ಮೇಲು, ಆದರೆ ಶಾಶ್ವತವಾಗಿ ಅಲ್ಲೇ ಉಳಿಯಬೇಕಿಲ್ಲ.

ತಿಂಗಳಿಂದ ಅರ್ಧವರ್ಷಕ್ಕೆ ದಾಟುವ ಲೆಕ್ಕ ಹೀಗಿದೆ. ಅದೇ 2,100ರ ಕಂತು ಕಟ್ಟುತ್ತಲೇ 1,050 ರೂಪಾಯಿಯ ಒಂದು ಆರ್‌ಡಿ ತೆರೆಯಿರಿ. ವರ್ಷದ ಕೊನೆಗೆ 12,600 ರೂಪಾಯಿಯ ಜೊತೆಗೆ ಬಡ್ಡಿ ಇರುತ್ತದೆ. ಅರ್ಧವಾರ್ಷಿಕ ಕಂತು 12,300 ಇದ್ದರೆ ನವೀಕರಣದ ದಿನ ಅದನ್ನು ಈ ಹಣದಿಂದ ಕಟ್ಟಿ. ಅಂದಿನಿಂದ ಮೊದಲು ಕಂಪನಿಗೆ ಹೋಗುತ್ತಿದ್ದ 2,100ನ್ನೇ ನಿಮ್ಮ ಖಾತೆಯಲ್ಲಿ ಉಳಿಸುತ್ತ ಹೋದರೆ ಆರು ತಿಂಗಳಿಗೆ ಮತ್ತೆ 12,600. ಪ್ರೀಮಿಯಂ ಏರದಿದ್ದರೆ ಮನೆಯ ತಿಂಗಳ ಖರ್ಚು ಅಷ್ಟೇ ಇರುತ್ತದೆ, ಏರಿದರೆ ಉಳಿತಾಯವನ್ನೂ ಅಷ್ಟು ಏರಿಸಿಕೊಳ್ಳಿ. ವ್ಯತ್ಯಾಸವೆಂದರೆ ಈಗ ಹಣ ನಿಮ್ಮ ಬಳಿ ಕಾದು ಕೂತಿರುತ್ತದೆ, ಒಂದು ತಿಂಗಳು ಸಂಬಳ ತಡವಾದರೆ ಪಾಲಿಸಿ ಅಲ್ಲಾಡುವುದಿಲ್ಲ. ಪಾಲಿಸಿ ವರ್ಷದ ನಡುವೆ ಕಂತಿನ ಅವಧಿ ಬದಲಿಸಲು ಸಾಮಾನ್ಯವಾಗಿ ಆಗದು. ನವೀಕರಣಕ್ಕೆ ಒಂದು ತಿಂಗಳು ಮುಂಚೆ ಬರಹದಲ್ಲಿ ಕೇಳಿ.

ಕ್ರೆಡಿಟ್ ಕಾರ್ಡ್ ಇಎಂಐ ಅನ್ನು ತಿಂಗಳ ಕಂತಿನ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಇಎಂಐನಲ್ಲಿ ಬ್ಯಾಂಕು ಪೂರ್ತಿ ಪ್ರೀಮಿಯಂ ಅನ್ನು ಕಂಪನಿಗೆ ಮೊದಲೇ ಕೊಟ್ಟಿರುತ್ತದೆ, ನಿಮ್ಮ ಸಾಲ ಬ್ಯಾಂಕಿನ ಜೊತೆ. ಒಂದು ಇಎಂಐ ತಪ್ಪಿದರೆ ದಂಡ, ಬಡ್ಡಿ, ಸಿಬಿಲ್ ಸ್ಕೋರು ಎಲ್ಲಕ್ಕೂ ಪೆಟ್ಟು, ಆದರೆ ಪಾಲಿಸಿಗೆ ಏನೂ ಆಗದು. ರಕ್ಷಣೆಯ ದೃಷ್ಟಿಯಿಂದ ಇದು ತಿಂಗಳ ಕಂತಿಗಿಂತ ಗಟ್ಟಿ. ಬಡ್ಡಿ ಎಷ್ಟು, ಸಂಸ್ಕರಣಾ ಶುಲ್ಕ ಎಷ್ಟು ಎಂದು ಕೇಳಿ ಮೇಲಿನ ಶೇ 11ರ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಬೇರೆ ಸಾಲ ಸಂಸ್ಥೆಯೊಂದು ಮಧ್ಯೆ ನಿಂತು ಪ್ರೀಮಿಯಂ ಕಟ್ಟುವ ಯೋಜನೆಯಾದರೆ, ಕಂತು ತಪ್ಪಿದಾಗ ಪಾಲಿಸಿ ರದ್ದು ಮಾಡಿಸುವ ಹಕ್ಕು ಅವರಿಗಿದೆಯೇ ಎಂಬ ಒಂದು ಸಾಲನ್ನು ಹುಡುಕಿ ಓದಿ, ಆಮೇಲೆ ಸಹಿ ಮಾಡಿ.

ಯಾವ ದಾರಿಯಲ್ಲಿ ಕಟ್ಟುವುದು

ಯುಪಿಐ ಆಟೋಪೇ, ಕಾರ್ಡ್ ಮ್ಯಾಂಡೇಟ್, ಬ್ಯಾಂಕಿನ ನಾಚ್ ಮ್ಯಾಂಡೇಟ್, ಕೈಯಾರೆ ಪಾವತಿ, ಇವಿಷ್ಟು ಮುಖ್ಯ ದಾರಿಗಳು. ಮ್ಯಾಂಡೇಟ್ ಎಂದರೆ ಕಂತಿನ ದಿನ ಹಣ ತಾನಾಗಿ ಕಡಿತವಾಗಲು ನೀವು ಮೊದಲೇ ಕೊಡುವ ಅನುಮತಿ. ಯಾವುದೂ ಪೂರ್ತಿ ನಂಬಿಕಸ್ಥವಲ್ಲ. ಯಾವುದು ಎಲ್ಲಿ ಕೈಕೊಡುತ್ತದೆ ಎಂದು ತಿಳಿದು ಆರಿಸಬೇಕು.

ಯುಪಿಐ ಆಟೋಪೇ ಮತ್ತು ಕಾರ್ಡ್ ಮ್ಯಾಂಡೇಟ್‌ಗಳಿಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಸೂಚನೆ ಬರಬೇಕು. ವಿಮಾ ಪ್ರೀಮಿಯಂಗೆ ಒಂದು ಲಕ್ಷ ರೂಪಾಯಿವರೆಗೆ ಪ್ರತಿ ಸಲ ಪಿನ್ ಅಥವಾ ಒಟಿಪಿ ಬೇಡ. ಈ ಮಿತಿ ಮೊದಲು 15,000 ಇತ್ತು, 2023ರ ಡಿಸೆಂಬರಿನಲ್ಲಿ ಏರಿಸಿದರು. ಹಿಂದಿನ ದಿನದ ಆ ಎಸ್ಸೆಮ್ಮೆಸ್ಸೇ ಇದರ ದೊಡ್ಡ ಬಲ, ಖಾತೆಯಲ್ಲಿ ಹಣ ಇದೆಯೇ ನೋಡಿ ತುಂಬಲು ಒಂದು ದಿನ ಸಿಗುತ್ತದೆ. ಕಾರ್ಡಿನ ದೌರ್ಬಲ್ಯ ಅದರ ಅವಧಿ. ಕಾರ್ಡ್ ಕಳೆದು ಹೊಸದು ಬಂದಾಗ ಅಥವಾ ಮುಗಿಯುವ ದಿನಾಂಕ ದಾಟಿದಾಗ ಹಳೆಯ ಮ್ಯಾಂಡೇಟ್ ಕೆಲಸ ಮಾಡದೆ ಹೋಗಬಹುದು. ಯುಪಿಐನಲ್ಲಿ ಬೇರೆ ತೊಂದರೆ. ಒಟಿಟಿ ಚಂದಾಗಳನ್ನು ರದ್ದು ಮಾಡಲು ಹೋಗಿ ಪಟ್ಟಿಯಲ್ಲಿ ಅರ್ಥವಾಗದ ಹೆಸರಿನಲ್ಲಿದ್ದ ವಿಮೆಯ ಮ್ಯಾಂಡೇಟನ್ನೂ ತೆಗೆದುಬಿಡುವವರಿದ್ದಾರೆ. ಪಟ್ಟಿಯಲ್ಲಿ ನಿಮ್ಮ ವಿಮಾ ಕಂಪನಿ ಯಾವ ಹೆಸರಿನಲ್ಲಿ ಕಾಣುತ್ತದೆ ಎಂದು ಮೊದಲ ಕಂತಿನಲ್ಲೇ ನೋಡಿ ಬರೆದಿಟ್ಟುಕೊಳ್ಳಿ.

ನಾಚ್ ಮ್ಯಾಂಡೇಟ್ ನೇರ ಬ್ಯಾಂಕ್ ಖಾತೆಗೆ ಅಂಟಿಕೊಂಡಿರುವುದರಿಂದ ಫೋನು, ಆ್ಯಪ್, ಕಾರ್ಡ್ ಬದಲಾದರೂ ನಡೆಯುತ್ತದೆ. 2021ರ ಆಗಸ್ಟ್ 1ರಿಂದ ರಜಾದಿನಗಳಲ್ಲೂ ಕಡಿತವಾಗುತ್ತದೆ. ಆದ್ದರಿಂದ ಭಾನುವಾರ ತಾನೇ, ಸೋಮವಾರ ಹಾಕಿದರಾಯಿತು ಎನ್ನುವಂತಿಲ್ಲ. ಖಾತೆಯಲ್ಲಿ ಹಣ ಸಾಲದಿದ್ದರೆ ಬ್ಯಾಂಕು ಬೌನ್ಸ್ ಶುಲ್ಕವನ್ನೂ ಹಾಕುತ್ತದೆ. ಬ್ಯಾಂಕುಗಳು ವಿಲೀನವಾದಾಗ ಐಎಫ್‌ಎಸ್‌ಸಿ ಕೋಡ್, ಕೆಲವೊಮ್ಮೆ ಖಾತೆ ಸಂಖ್ಯೆಯೂ ಬದಲಾಗುತ್ತದೆ. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ವಿಲೀನವಾದವು. ನಮ್ಮ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಒಂದೇ ಆದವು. ಇಂಥ ಖಾತೆಯಿಂದ ಕಂತು ಹೋಗುತ್ತಿದ್ದರೆ ಮ್ಯಾಂಡೇಟ್ ಇನ್ನೂ ಜೀವಂತವಿದೆಯೇ ಎಂದು ಶಾಖೆಯಲ್ಲಿ ಕೇಳಿ. ಮ್ಯಾಂಡೇಟಿನ ಯುಎಂಆರ್‌ಎನ್ ಸಂಖ್ಯೆ ಹೇಳಿದರೆ ಹುಡುಕುವುದು ಸುಲಭ.

ಕೈಯಾರೆ ಕಟ್ಟುವುದು ವರ್ಷದ ಪಾವತಿಗೆ ಅಡ್ಡಿಯಿಲ್ಲ, ತಿಂಗಳ ಕಂತಿಗೆ ಮಾತ್ರ ಬೇಡವೇ ಬೇಡ. ಏಜೆಂಟರ ಕೈಗೆ ನಗದು ಕೊಡುವುದನ್ನೂ ಬಿಡಿ. ಸಂಗ್ರಹಿಸಿದ ಪ್ರೀಮಿಯಂ ಅನ್ನು ರಜೆ ಬಿಟ್ಟು 24 ಗಂಟೆಯೊಳಗೆ ಏಜೆಂಟರು ಕಂಪನಿಗೆ ಸೇರಿಸಬೇಕೆಂದು ಕಾಯ್ದೆ ಹೇಳುತ್ತದೆ, ಆದರೆ ಅವರು ಮರೆತರೆ ಒದ್ದಾಡುವವರು ನೀವು.

ಮ್ಯಾಂಡೇಟ್ ಮಾಡುವಾಗ ಆಗುವ ತಪ್ಪುಗಳು

ಅತಿ ಸಾಮಾನ್ಯ ತಪ್ಪು ಗರಿಷ್ಠ ಮೊತ್ತವನ್ನು ಈಗಿನ ಕಂತಿಗೆ ಸರಿಯಾಗಿ ಇಡುವುದು. 2,100ರ ಕಂತಿಗೆ 2,100ರದೇ ಮಿತಿ ಇಟ್ಟರೆ, ಮುಂದಿನ ವರ್ಷ ವಯಸ್ಸಿನ ಹಂತ ದಾಟಿ ಕಂತು 2,450 ಆದ ದಿನ ಕಡಿತ ವಿಫಲವಾಗುತ್ತದೆ. ಅದೂ ನವೀಕರಣದ ದಿನವೇ. ಮಿತಿಯನ್ನು ಕಂತಿನ ಎರಡು ಪಟ್ಟು ಇಡಿ, ಕಂಪನಿ ಆಗ ಇರುವ ಕಂತಿನಷ್ಟೇ ಎಳೆಯಬೇಕು. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ಐಆರ್‌ಡಿಎಐ ಜೊತೆ ಸಮಾಲೋಚಿಸಬೇಕು ಎಂದು 2025ರ ಜನವರಿಯಲ್ಲಿ ಆದೇಶವಾಗಿದೆ. ಉಳಿದವರು ಏರಿಕೆಗೆ ಇನ್ನೂ ಹೆಚ್ಚು ಜಾಗ ಬಿಡುವುದು ಒಳ್ಳೆಯದು. ಮ್ಯಾಂಡೇಟ್ ಮುಗಿಯುವ ದಿನಾಂಕವನ್ನೂ ನೋಡಿ, ಒಂದು ವರ್ಷಕ್ಕೆ ಮಾತ್ರ ಇಟ್ಟಿದ್ದರೆ ನವೀಕರಣದ ಕಂತು ತಾನಾಗಿ ಹೋಗದು.

ಎರಡನೆಯದು ತಾರೀಖಿನ ಆಯ್ಕೆ. ಸಾಮಾನ್ಯವಾಗಿ ಪಾಲಿಸಿ ಶುರುವಾದ ತಾರೀಖೇ ಪ್ರತಿ ತಿಂಗಳ ಕಂತಿನ ತಾರೀಖು. ಸಂಬಳ 30ಕ್ಕೋ 1ಕ್ಕೋ ಬರುವವರು ಪಾಲಿಸಿಯನ್ನು 7ರಿಂದ 10ನೇ ತಾರೀಖಿನೊಳಗೆ ಶುರು ಮಾಡಿಸಿ. ಸಂಬಳ ಎರಡು ದಿನ ತಡವಾದರೂ ಪಾರಾಗಬಹುದು, ಅಷ್ಟರಲ್ಲಿ ಮನೆಸಾಲದ ಕಂತೂ ಹೋಗಿ ಖಾತೆಯಲ್ಲಿ ನಿಜವಾಗಿ ಎಷ್ಟು ಉಳಿದಿದೆ ಎಂಬುದೂ ತಿಳಿದಿರುತ್ತದೆ. ಆ ಖಾತೆಯಲ್ಲಿ ಸದಾ ಎರಡು ಕಂತಿನಷ್ಟು ಹಣ ಮುಟ್ಟದೆ ಇರಲಿ.

ಕಡಿತ ವಿಫಲವಾದ ದಿನ ಮಾಡಬೇಕಾದದ್ದು ಇಷ್ಟು. ಕಂಪನಿಯ ಜಾಲತಾಣಕ್ಕೆ ಹೋಗಿ ಬಾಕಿ ಕಂತನ್ನು ಅಂದೇ ಕೈಯಾರೆ ಕಟ್ಟಿ. ಕೂಡಲೇ ಗ್ರಾಹಕ ಸೇವೆಗೆ ಹೇಳಿ ಅದೇ ಕಂತನ್ನು ಮ್ಯಾಂಡೇಟಿನಿಂದ ಮತ್ತೆ ಎಳೆಯದಂತೆ ತಡೆಯಿಸಿ, ಇಲ್ಲದಿದ್ದರೆ ಎರಡು ಸಲ ಹೋಗುತ್ತದೆ. ಫೋನಿನಲ್ಲಿ ಹಸಿರು ಟಿಕ್ ಬಂದದ್ದು ಬ್ಯಾಂಕಿನಿಂದ ಹಣ ಹೊರಟದ್ದಕ್ಕೆ ಮಾತ್ರ ಸಾಕ್ಷಿ. ಕಂಪನಿಯ ಖಾತೆಯ ಪುಟದಲ್ಲಿ ಮುಂದಿನ ಕಂತಿನ ದಿನಾಂಕ ಒಂದು ತಿಂಗಳು ಮುಂದಕ್ಕೆ ಸರಿದಿದೆಯೇ ನೋಡಿ. ಸರಿದಿದ್ದರೆ ಮಾತ್ರ ಹಣ ನಿಮ್ಮ ಪಾಲಿಸಿಗೆ ಜಮೆಯಾಗಿದೆ. ಎರಡು ದಿನವಾದರೂ ಸರಿಯದಿದ್ದರೆ ಪಾವತಿಯ ಗುರುತಾದ ಯುಟಿಆರ್ ಸಂಖ್ಯೆ ಹಾಕಿ ಇ-ಮೇಲ್ ಬರೆಯಿರಿ.

ಕೆಲಸ ಬಿಡುವವರು, ವಿಮಾ ಕಂಪನಿ ಬದಲಿಸುವವರು

ಆಫೀಸಿನ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ನೋಟಿಸ್ ಅವಧಿಯಲ್ಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವಲಸೆ ಹೋಗಲು ಅರ್ಜಿ ಹಾಕಿದರೆ ಕಾಯುವ ಅವಧಿಯಲ್ಲಿ ಕಳೆದ ಕಾಲವನ್ನು ಉಳಿಸಿಕೊಳ್ಳಬಹುದು. ಬೇರೆ ವಿಮಾ ಕಂಪನಿಗೆ ಪೋರ್ಟ್ ಆಗಬೇಕೆಂದಿರುವವರು ನವೀಕರಣಕ್ಕೆ 45 ದಿನ ಮುಂಚೆಯೇ ಅರ್ಜಿ ಕೊಡಿ. ಹೊಸ ಕಂಪನಿ ಒಪ್ಪಿ ಪಾಲಿಸಿ ಸಂಖ್ಯೆ ಕೊಡುವವರೆಗೆ ಹಳೆಯ ಮ್ಯಾಂಡೇಟನ್ನು ಮುಟ್ಟಬೇಡಿ. ಅರ್ಜಿ ಹಾಕಿದ ಉತ್ಸಾಹದಲ್ಲಿ ಹಳೆಯದನ್ನು ನಿಲ್ಲಿಸಿ, ಹೊಸದು ನಿರಾಕರಣೆಯಾಗಿ, ಎರಡೂ ಇಲ್ಲದೆ ಉಳಿಯುವುದು ಪೋರ್ಟಿಂಗ್‌ನಲ್ಲಿ ಆಗುವ ಅತಿ ದುಬಾರಿ ತಪ್ಪು.

ಆಗಲೇ ಲ್ಯಾಪ್ಸ್ ಆಗಿದ್ದರೆ

ಗ್ರೇಸ್ ದಿನ ಒಂದೇ ಉಳಿದಿದ್ದರೂ ಸರಿ, ಮೊದಲು ಕಟ್ಟಿ, ಪ್ರಶ್ನೆ ಆಮೇಲೆ ಕೇಳಿ. ಅದೂ ದಾಟಿದ್ದರೆ ತಡವನ್ನು ಮನ್ನಿಸಿ ಪಾಲಿಸಿ ಮುಂದುವರಿಸುವಂತೆ ಬರಹದಲ್ಲಿ ಕೋರಿ. ಒಪ್ಪುವುದು ಬಿಡುವುದು ಕಂಪನಿಯ ಇಷ್ಟ, ಆರೋಗ್ಯ ಘೋಷಣೆಯನ್ನೂ ಕೇಳಬಹುದು. ಅದರಲ್ಲಿ ಈಚೆಗೆ ಕಾಣಿಸಿಕೊಂಡ ಕಾಯಿಲೆಯನ್ನು ಮುಚ್ಚಿಡಬೇಡಿ. 60 ತಿಂಗಳ ಎಣಿಕೆ ಹೊಸದಾಗಿ ಶುರುವಾಗಿದ್ದರೆ ಮುಚ್ಚಿಟ್ಟ ಆ ಒಂದು ಸಾಲೇ ಮುಂದೆ ಇಡೀ ಕ್ಲೇಮನ್ನು ನುಂಗುತ್ತದೆ.

ತಪ್ಪು ನಿಮ್ಮದಲ್ಲದಿದ್ದರೆ, ಅಂದರೆ ಖಾತೆಯಲ್ಲಿ ಹಣವಿದ್ದೂ ಮ್ಯಾಂಡೇಟ್ ಸರಿಯಿದ್ದೂ ಕಂಪನಿ ಕಂತು ಎಳೆಯದಿದ್ದರೆ, ಸುಮ್ಮನಿರಬೇಡಿ. ಮ್ಯಾಂಡೇಟ್ ನೋಂದಣಿಯಾದ ಸಂದೇಶ, ಕಂತಿನ ದಿನ ಖಾತೆಯಲ್ಲಿದ್ದ ಶಿಲ್ಕು ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್, ಹಿಂದಿನ ಕಂತುಗಳ ರಸೀದಿ, ಈ ಮೂರನ್ನು ಲಗತ್ತಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಜೊತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255 ಸಹಾಯವಾಣಿಯಲ್ಲಿ ದಾಖಲಿಸಿ. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ, ವಿಮೆಯ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂತಿನ ದಿನದ ಆ ಬ್ಯಾಂಕ್ ಸ್ಟೇಟ್‌ಮೆಂಟ್ ಅನ್ನು ಮಾತ್ರ ಬ್ಯಾಂಕಿನ ಮೊಹರು ಹಾಕಿಸಿ ಒಯ್ಯಿರಿ.